ಮೂಕ ಚಿತ್ರದಲ್ಲಿ ನಾನಾಡಿದ ಮಾತು

ಹೊಟ್ಟೆಪಾಡಿಗಾಗಿ ಪರಸ್ತ್ರೀಯನ್ನು ತಬ್ಬಿಕೊಳ್ಳುವುದು ತಪ್ಪೇ, ನೀವೇ ಹೇಳಿ. ಕ್ಷೌರಿಕ ಗಡ್ಡ ಹೆರೆಯುತ್ತಾನೆ, ನಾನು ಫ್ಲಾಸಿಯನ್ನು ತಬ್ಬುತ್ತೇನೆ. ಹಾಲಿವುಡ್ಡಿನ ಒಂದು ಬಡ ಹಾಸ್ಯಚಿತ್ರ ಕಂಪನಿಯಲ್ಲಿ ಗಂಡನ ಪಾತ್ರ ನನ್ನದು. ಎರಡೇ ರೀಲಿನ ಚಿತ್ರ. ಮೊದಲನೆಯದರಲ್ಲಿ ಪಕ್ಕದ ಮನೆಯವಳ ಪಾತ್ರದ ಫ್ಲಾಸಿಯ ಜೊತೆ ಸಿಕ್ಕಿಬೀಳುತ್ತೇನೆ, ಎರಡನೆಯದರಲ್ಲಿ ಹೆಂಡತಿಯ ಕೈಲಿ ಒದೆ ತಿನ್ನುತ್ತೇನೆ. (ಮುಖಕ್ಕೆ ಕೆನೆ ಕೇಕು ಬೀಳುವುದು ಎರಡರಲ್ಲೂ ಉಂಟು.)

ಈ ಕಲಾಸೇವೆ ನನ್ನ ಹೆಂಡತಿ ಹೆಟ್ಟಿಗೆ ಅರ್ಥವಾಗಲಿಲ್ಲ. ನನ್ನ ಕಾಲರಿನ ಮೇಲೆ ಫ್ಲಾಸಿಯ ಮುಖದ ಬಣ್ಣ ಕಂಡದ್ದೇ, "ಹೊಸ ಚಿತ್ರ ತೋರಿಸು, ತಬ್ಬಿದ್ದು ನಟನೆಯೋ ನಿಜವೋ ನಾನೇ ನೋಡುತ್ತೇನೆ, ನಿಜವಾದರೆ ಅಮ್ಮನ ಜೊತೆ ತವರಿಗೆ, ಓಹಾಯೊಗೆ ಹೊರಟೆ" ಎಂದು ಪೆಟ್ಟಿಗೆ ಕಟ್ಟಿದಳು. ಎಷ್ಟೇ ಬೈದರೂ ಹೆಟ್ಟಿಯಿಲ್ಲದ ಮನೆ ನನಗೆ ಬೇಡ.

ಗ್ಲೆಂಡೇಲಿನ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಅತ್ತೆಯವರು ನಮ್ಮಿಬ್ಬರ ನಡುವೆ ವಿರಾಜಮಾನರಾದರು. ಯಾವುದೋ ಜ್ವರದಲ್ಲಿ ಅವರ ಕಿವಿ ಹೋಗಿದೆ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ, ತಾವು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಆಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕ್ಯಾಮೆರಾ ಮುಂದೆ ಅತ್ತೆಯನ್ನು ಯಾರು ನೆನೆಯುತ್ತಾರೆ? ನಮ್ಮ ಚಿತ್ರಗಳಿಗೆ ದನಿಯಿಲ್ಲ. ತುಟಿ ಆಡಿದರೆ ಸಾಕು, ಮಾತು ಬರೆದ ಫಲಕವನ್ನು ಆಮೇಲೆ ಚಿತ್ರದ ನಡುವೆ ಅಂಟಿಸುತ್ತಾರೆ. ಹಾಗಾಗಿ ನಾವು ಬಾಯಿಗೆ ಬಂದದ್ದು ಆಡುತ್ತೇವೆ.

ತೆರೆಯ ಮೇಲೆ ನಾನು ಫ್ಲಾಸಿಯನ್ನು ತಬ್ಬಿದೆ. "ಪ್ರಾಣವೇ, ನಿನ್ನನ್ನಗಲಿ ಬಾಳಲಾರೆ" ಎಂದು ಫಲಕ ಬಂತು. ಹೆಟ್ಟಿ ಕೈಚೀಲ ಬಿಗಿಹಿಡಿದಳು.

"ಅವನು ಹಾಗನ್ನಲೇ ಇಲ್ಲ," ಎಂದರು ಅತ್ತೆ. "'ಈರುಳ್ಳಿ ತಿಂದಿದೀಯೇನೇ? ಮುಖ ಆ ಕಡೆ ತಿರುಗಿಸು. ಕಾಲು ಬೇರೆ ತುಳೀತಿದೀಯ' ಅಂತಿದಾನೆ."

ಹೆಟ್ಟಿಯ ಮುಖ ಅರಳಿತು. ಅಮ್ಮನ ಬೆನ್ನ ಹಿಂದಿನಿಂದ ಕೈಚಾಚಿ ನನ್ನ ಭುಜ ಸವರಿದಳು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಆಗ ಎರಡನೆಯ ರೀಲು ನೆನಪಾಯಿತು. ಅದರಲ್ಲಿ ಚಿತ್ರದ ಹೆಂಡತಿಯ ಮುಂದೆ ಮಂಡಿಯೂರಿ ಕ್ಷಮೆ ಬೇಡುತ್ತೇನೆ, ಕ್ಯಾಮೆರಾ ನನ್ನ ಮೂಗಿನ ಹತ್ತಿರವೇ ಇತ್ತು. ಅಂದು ಏನಾಡಿದ್ದೆನೆಂದು ಹೊಳೆದದ್ದೇ ತಡ, ಸಾಕು, ಮನೆಗೆ ಹೋಗೋಣ ಎಂದೆ. ಹೆಟ್ಟಿ ಒಪ್ಪಲಿಲ್ಲ. ಹ್ಯಾಟು ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಅತ್ತೆಗೆ ಅಡ್ಡ ನಿಂತೆ. ಹಿಂದಿನವನು ಕೋಟು ಜಗ್ಗಿ ಕೂರಿಸಿದ. ಕಡಲೆಕಾಯಿ ತಿನ್ನಿ ಎಂದು ಪೊಟ್ಟಣವನ್ನು ಅತ್ತೆಯ ಕಣ್ಣಿಗೇ ಹಿಡಿದೆ. ಅವರು ಕಸಿದು ಮಡಿಲಿಗಿಟ್ಟುಕೊಂಡು ತೆರೆ ನೋಡಿದರು.

"'ನನ್ನ ಹೆಂಡ್ತಿ ಮಾಡೋ ಹುರಿದ ಮಾಂಸ ಬೂಟಿನ ಅಟ್ಟೆ ಕಣೇ' ಅಂತಿದಾನೆ," ಎಂದು ಮೂರು ಸಾಲಿಗೆ ಕೇಳುವಂತೆ ಒಪ್ಪಿಸಿದರು. "'ಅದನ್ನ ಅಗಿಯೋಕಾಗೋದು ನಮ್ಮತ್ತೆಗೆ ಮಾತ್ರ. ಎರಡು ವಾರಕ್ಕೆ ಅಂತ ಬಂದೋಳು ಬೇರು ಬಿಟ್ಟು ಕೂತಿದಾಳೆ.' ಕಣ್ಣಲ್ಲಿ ನೀರು ನೋಡು. ಹೆಟ್ಟೀ, ಇದು ಮಾತ್ರ ನಟನೆ ಅಲ್ಲಮ್ಮ."

ಕೈಚೀಲ ನನ್ನ ನೆತ್ತಿಯ ಮೇಲೆ ಬಿತ್ತು. ತಪ್ಪಿಸಿಕೊಳ್ಳಲು ಬಗ್ಗಿದೆ, ಕಡಲೆಕಾಯಿಯೆಲ್ಲ ಹಾರಿತು, ಜಾರಿ ಮುಂದಿನ ಸಾಲಿನ ದಪ್ಪ ಹೆಂಗಸಿನ ಮಡಿಲಿಗೆ ಬಿದ್ದೆ. ಅವಳ ಗಂಡನೂ ತನ್ನ ಪಾಲಿನ ಗುದ್ದು ಕೊಟ್ಟ. ಜನ ತೆರೆಗೆ ಬೆನ್ನು ಹಾಕಿ ನಮ್ಮನ್ನೇ ನೋಡಿ ನಕ್ಕರು. ಹಿಂದೆ ಕೂತಿದ್ದ ನಮ್ಮ ನಿರ್ದೇಶಕ ಗ್ರಿಗ್ಸ್ ಇದನ್ನೇ ಚಿತ್ರ ಮಾಡಿದ್ದರೆ ಚೆನ್ನಾಗಿತ್ತು ಎಂದು ಹಲುಬಿದನಂತೆ.

ಹೆಟ್ಟಿ ಓಹಾಯೊಗೆ ಹೋಗಲಿಲ್ಲ, ದೇವರು ದೊಡ್ಡವನು. (ಅತ್ತೆಯೂ ಹೋಗಲಿಲ್ಲ.) ಆದರೆ ಒಂದು ಷರತ್ತು ಹಾಕಿದಳು. ಅದರಂತೆ ಅತ್ತೆ ಈಗ ದಿನಾ ಕ್ಯಾಮೆರಾ ಪಕ್ಕ ಕೊಡೆ ಹಿಡಿದು ಕೂರುತ್ತಾರೆ. ಫ್ಲಾಸಿಯ ಕೊರಳಿಗೆ ಜೋತುಬಿದ್ದು ನಾನು ಆಡಬೇಕಾದ ಮಾತು ಇಷ್ಟೇ: "ಹೆಟ್ಟಿ ಮಾಡಿದ್ದು ಅಮೃತ. ನಮ್ಮತ್ತೆ ನೂರು ವರ್ಷ ನಮ್ಮನೇಲೇ ಇರಲಿ." ಒಂದು ಪದ ನುಂಗಿದರೂ ಕೊಡೆ ಮೇಲೇಳುತ್ತದೆ, ಗ್ರಿಗ್ಸ್ ಮತ್ತೆ ಮೊದಲಿಂದ ಮಾಡಿಸುತ್ತಾನೆ.

ಅದನ್ನು ಹೇಳುವಾಗ ನನ್ನ ಮುಖದಲ್ಲಿ ಮೂಡುವ ಸಂಕಟಕ್ಕೆ ಊರೂರಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದಾರಂತೆ. ಕಂಪನಿ ಸಂತೋಷಪಟ್ಟು ಅತ್ತೆಗೊಂದು ಕುರ್ಚಿ ಮಾಡಿಸಿ, ಬೆನ್ನಿಗೆ ಅವರ ಹೆಸರು ಬರೆಸಿಕೊಟ್ಟಿದೆ. ನಾನು ನಿಂತೇ ಇರುತ್ತೇನೆ.