ಬಸವಲಿಂಗನ ಒಪ್ಪಿಗೆ

ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ರೇಣುವಿಗೆ ಅದು ಮೊದಲನೆಯ ಮಾಮೂಲಿ ಬೆಳಿಗ್ಗೆ. ಹಾಲು ಕಾಯಿಸಲು ಇಟ್ಟು, ಅದು ಉಕ್ಕುವುದನ್ನು ನೋಡುತ್ತ ನಿಂತು, ಆಮೇಲೆ ಒಲೆ ಒರೆಸಿದಳು. ತಿರುಗಿದರೆ ಗೋಡೆಗೆ ಒರಗಿದ್ದ ಏಣಿ.

ಫ್ಯಾನು ಒರೆಸುತ್ತೇನೆಂದು ಬಸವಲಿಂಗ ತಿಂಗಳ ಹಿಂದೆ ಅದನ್ನು ಎಲ್ಲಿಂದಲೋ ತಂದಿದ್ದ. ಫ್ಯಾನಿನ ಮೇಲೆ ಧೂಳು ಹಾಗೇ ಇತ್ತು.

ಎದುರು ಮನೆಯ ಶಿವಬಸವ್ವ ಬಾಗಿಲಲ್ಲೇ ನಿಂತು ಏಣಿಯನ್ನು ಮೇಲಿಂದ ಕೆಳಗೆ ನೋಡಿದರು.

“ಇದು ಸಿದ್ದಾರೂಢನ ಹಾರ್ಡ್‌ವೇರ್ ಅಂಗಡಿದವ್ವ. ಬಸವಲಿಂಗ ಹೊತಗೊಂಡು ಬರೂದು ನಾನಾ ನೋಡೀನಿ. ಸತ್ತವರು ಇಸಗೊಂಡ ಸಾಮಾನು ಮನ್ಯಾಗ ಇಟಗೋಬಾರದು. ಜೀವ ಅದರಾಗ ಸಿಕ್ಕೊಂಡಿರ್ತದ.”

“ಏಣ್ಯಾಗ, ಕಾಕು?”

“ಏಣ್ಯಾಗಾದ್ರೇನು, ಚಮಚದಾಗಾದ್ರೇನು. ನಡಿ, ನಾ ಹಿಂದ ಹಿಡೀತೀನಿ.”

ರೇಣುವಿಗೆ ನಂಬಿಕೆಯೇನೂ ಬರಲಿಲ್ಲ. ಆದರೆ ಹನ್ನೆರಡು ದಿನಗಳಲ್ಲಿ ಅವಳ ಕೈಯಿಂದ ಒಂದು ಕೆಲಸವೂ ಪೂರ್ತಿಯಾಗಿರಲಿಲ್ಲ. ಅವನ ಪರವಾಗಿ ಇದೊಂದನ್ನಾದರೂ ಮುಗಿಸಬೇಕು ಅನಿಸಿತು.

ಮೆಟ್ಟಿಲಿನ ತಿರುವಿನಲ್ಲಿ ಏಣಿ ಮೊಂಡ ಎಮ್ಮೆಯಂತೆ ನಿಂತುಬಿಟ್ಟಿತು. ಎರಡನೇ ಮಹಡಿಯಿಂದ ಇಳಿಯುವಷ್ಟರಲ್ಲಿ ಯಾರದೋ ತುಳಸಿ ಕುಂಡ, ಯಾರದೋ ಹಾಲಿನ ಚೀಲ, ಒಂದು ಕರೆಗಂಟೆ ಏಟು ತಿಂದವು.

ಗೇಟಿನಲ್ಲಿ ಕಾವಲಿನ ಅವ್ವಣ್ಣ, ಅಕ್ಕಲಕೋಟದವನು, ಫೋನು ಅಡ್ಡ ಹಿಡಿದ.

“ಹೊರಗ ಹೋಗೂ ಸಾಮಾನಿಗೆ ಮನಿ ಮುಖ್ಯಸ್ಥರ ಒಪ್ಪಿಗಿ ಬೇಕ್ರಿ, ಮ್ಯಾಡಮ್.”

ಫೋನಿನಲ್ಲಿ ಬಸವಲಿಂಗನ ಫೋಟೊ ನಗುತ್ತಿತ್ತು.

“ಅವ್ವಣ್ಣಾ, ಅವರಿಗೆ ನೀವೂ ಹೆಗಲು ಕೊಟ್ಟೀರಿ.”

“ಹೌದ್ರಿ. ಮುಂದ, ಎಡಗಡಿ. ಆದರ ಅವತ್ತ ಒಪ್ಪಿಗಿ ಇಲ್ಲದ ಗೇಟ್ ತೆಗದದ್ದಕ್ಕ ನನಗ ಮೆಮೋ ಬಂದದ್ರಿ.”

ರೇಣು ವಾದಿಸಲಿಲ್ಲ. ಗೇಟಿನಲ್ಲಿ ಒಪ್ಪಿಗೆ ಕೇಳುವ ಆ ಆ್ಯಪು ಅವಳೇ ರೂಪಿಸಿದ್ದು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಯೆರವಡಾದ ಕಂಪನಿಯಲ್ಲಿ ಆ್ಯಪುಗಳ ಪರದೆ ಹೇಗಿರಬೇಕೆಂದು ಹೇಳುವುದು ಅವಳ ಕೆಲಸ. ಮನುಷ್ಯನ ಗಮನ ಚಿಕ್ಕ ಬಟ್ಟಲಿನಂಥದ್ದು, ಅದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆ ಹಾಕಬಾರದು. ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗಬಾರದು. ಮುಖ್ಯಸ್ಥರ ಹೆಸರು ತೆಗೆಯಲು ಆ ಮುಖ್ಯಸ್ಥರೇ ಒಪ್ಪಬೇಕು ಎಂದು ಹಟ ಹಿಡಿದವಳೂ ಅವಳೇ. ಜಗಳವಾಡಿದ ಗಂಡ ಹೆಂಡಿರು ಸಿಟ್ಟಿನಲ್ಲಿ ಒಬ್ಬರ ಹೆಸರು ಒಬ್ಬರು ಅಳಿಸುತ್ತಾರೆಂದು ಯೋಚಿಸಿದ್ದಳು. ಬೇರೆ ಕಾರಣ ಹೊಳೆದಿರಲಿಲ್ಲ.

ಆಫೀಸಿನ ಮಿಥುನನಿಗೆ ಫೋನು ಮಾಡಿದಳು. ಬೆಂಗಳೂರಿನ ಹುಡುಗ, ಮೃದು ಮಾತಿನವನು.

“ರೇಣು, ಏನ್ ಹೇಳ್ಲಿ. ಡೆತ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡೋಕೆ ಜಾಗಾನೇ ಇಲ್ಲ. ಆ ಆಪ್ಷನ್ ಬೇಡ, ಸ್ಕ್ರೀನ್ ಕ್ಲೀನಾಗಿರ್ಲಿ ಅಂತ ನೀನೇ ಅಂದಿದ್ದಲ್ವಾ?”

“ಅಂದಿದ್ದೆ.”

“ನೆಕ್ಸ್ಟ್ ರಿಲೀಸಲ್ಲಿ ಹಾಕ್ಸೋಣ. ಊಟ ಮಾಡ್ತಿದ್ದೀಯಾ?”

ಹಿಂದೆ ಸ್ಕೂಟರುಗಳು ಹಾರ್ನ್ ಹೊಡೆಯತೊಡಗಿದವು. ಶಿವಬಸವ್ವ ಏಣಿಯ ಮೇಲೆ ಕೈಯಿಟ್ಟು ಗೇಟಿನ ಕಂಬದತ್ತ ಕೊರಳೆತ್ತಿದರು. “ತಿಂಗಳಾತು ಈ ದೀಪ ಹತ್ತವಲ್ದು. ಅದಕ್ಕ ಯಾರ ಒಪ್ಪಿಗಿ ಬೇಕೋ ಅವ್ವಣ್ಣಾ?”

“ಮಾಡ್ತೀನ್ರಿ ಆಯಿ,” ಎಂದ ಅವ್ವಣ್ಣ, ಫೋನಿನಿಂದ ಕಣ್ಣೆತ್ತದೆ.

ರೇಣು ಮೇಲೆ ಹೋಗಿ, ಕಪಾಟಿನಲ್ಲಿದ್ದ ಬಸವಲಿಂಗನ ಫೋನನ್ನು ಚಾರ್ಜಿಗೆ ಹಾಕಿದಳು. ಪಾಸ್‌ವರ್ಡು ನಾಲ್ಕು ಸೊನ್ನೆ. ಮನುಷ್ಯ ಯಾವಾಗಲೂ ಸುಲಭವಾದದ್ದನ್ನೇ ಆರಿಸುತ್ತಾನೆ ಎಂಬುದಕ್ಕೆ ಅವಳು ಅವನನ್ನೇ ಉದಾಹರಣೆ ಕೊಡುತ್ತಿದ್ದಳು. ಆ್ಯಪು ತೆರೆದರೆ ಹನ್ನೆರಡು ದಿನ ಬಂದುಹೋದ ಮಂದಿಯೆಲ್ಲ ಒಳಬರಲು ಇನ್ನೂ ಅವನ ಒಪ್ಪಿಗೆಗೆ ಕಾಯುತ್ತಿದ್ದರು. ಹಾಲಿನವನು, ಅತ್ತೆ ಮಾವ, ವಿಭೂತಿ ತಂದ ಸ್ವಾಮಿಗಳು, ಹೂವಿನ ಹಾರದ ಅಂಗಡಿಯವನು. ಎಲ್ಲರ ಕೆಳಗೆ ಏಣಿ. ಹಸಿರು ಗುಂಡಿ ಹೆಬ್ಬೆರಳು ತಾನಾಗಿ ಬೀಳುವ ಕಡೆಯೇ ಇತ್ತು. ಆ ಜಾಗವನ್ನು ಅಳೆದು ಇಟ್ಟವಳು ಅವಳು. ಒತ್ತಿದಳು.

ಕೆಳಗೆ ಅವ್ವಣ್ಣನ ಮುಖ ಅರಳಿತು. “ಸಾಹೇಬ್ರ ಒಪ್ಪಿಗಿ ಬಂತ್ರಿ,” ಎಂದವನು, ಅಂದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ನಿಗಡಿ ಬಡಾವಣೆಯ ಬಿಸಿಲಿನಲ್ಲಿ ಎರಡು ಗಲ್ಲಿ ದಾಟಿ ಅಂಗಡಿ ಮುಟ್ಟುವಾಗ ಇಬ್ಬರ ಹೆಗಲೂ ಕೆಂಪಾಗಿದ್ದವು. ಸಿದ್ದಾರೂಢ ಎದ್ದು ಬಂದು ಸ್ಟೂಲು ಹಾಕಿ ನೀರು ಕೊಟ್ಟ. ಆಮೇಲೆ ಏಣಿ ನೋಡಿದ.

“ತಂಗೀ, ನಂದು ಕಟಗಿದು. ಗಿಡ್ಡ ಆತು ಅಂತ ಬಸಣ್ಣ ಮರುದಿನಾನ ತಂದಿಟ್ಟ. ಅಕಾ, ಅಲ್ಲಿ ಅದ ನೋಡು.” ಅವನು ಬಗ್ಗಿ ಕೆಳಗಿನ ಮೆಟ್ಟಿಲಿನತ್ತ ಬೊಟ್ಟು ಮಾಡಿದ. “ಇದರ ಮ್ಯಾಲ ನಿಮ್ಮ ಸೊಸೈಟಿ ಹೆಸರಾ ಬರದಾರಲ್ಲ.”

ಕಣ್ಣಿಗೆ ಹೊಡೆಯುವಂಥ ಕೆಂಪು ಅಕ್ಷರ, ಮರಾಠಿಯಲ್ಲಿ. ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಸರು, ಅದರ ಪಕ್ಕದಲ್ಲಿ ‘ಗೇಟ್ ನಂ. ೧’.

ಮನೆಯಲ್ಲಿ ಆ ಬದಿ ಗೋಡೆಗಿತ್ತು. ದಾರಿಯುದ್ದಕ್ಕೂ ಆ ತುದಿ ಶಿವಬಸವ್ವನ ಕೈಯಲ್ಲಿತ್ತು.

“ನನ್ನ ಯಾಕ ನೋಡ್ತೀ? ಕನ್ನಡಕ ಮನ್ಯಾಗ ಅದ,” ಎಂದರು ಶಿವಬಸವ್ವ.

ಬೆಳಿಗ್ಗೆ ಗೇಟಿನಲ್ಲಿ ಮೂವರೂ ಅರ್ಧ ಗಂಟೆ ಈ ಏಣಿಯ ಪಕ್ಕದಲ್ಲೇ ನಿಂತಿದ್ದರು. ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗಿರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಏಣಿಯನ್ನು ಮತ್ತೆ ಹೊತ್ತು ತಂದು ಅವ್ವಣ್ಣನ ಮುಂದೆ ಇಳಿಸಿದರು. ಅವನು ಅಕ್ಷರದ ಮೇಲೆ ಬೆರಳಾಡಿಸಿದ.

“ಅಯ್ಯ, ನಮ್ಮ ಏಣಿ. ರಾತ್ರಿ ಪಾಳಿಯವ ಯಾರಿಗೋ ಕೊಟ್ಟು ಊರಿಗೆ ಹೋಗ್ಯಾನ್ರಿ. ಆ ದೀಪ ಹಾಕಾಕ ತಿಂಗಳಿಂದ ಹುಡುಕಾಕತ್ತೀನಿ.”

“ಮುಂಜಾನೆ ನಿಮ್ಮ ಮುಂದನ ಇತ್ತಲ್ಲ, ಅವ್ವಣ್ಣಾ.”

“ಮುಂಜಾನೆ ಫೋನ್ ನೋಡಾಕತ್ತಿದ್ನಿರಿ.”

ವಾಪಸು ಬಂದ ಸಾಮಾನನ್ನೂ ಆ್ಯಪಿನಲ್ಲಿ ಬರೆಯಬೇಕು. ಅವ್ವಣ್ಣ ಅವಳ ಮನೆಯ ನಂಬರು ಒತ್ತಿದ. ‘ತಂದು ಒಪ್ಪಿಸಿದವರು’ ಎಂಬಲ್ಲಿ ಹೆಸರು ತಾನಾಗಿ ತುಂಬಿಕೊಂಡಿತು: ಬಸವಲಿಂಗ. ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ ‘ಬದಲಿಸಿ’ ಎಂದಿತ್ತು. ಮೊದಲೇ ತುಂಬಿದ್ದನ್ನು ಜನ ಬದಲಿಸುವುದಿಲ್ಲ, ಅಕ್ಷರ ಅಷ್ಟು ಸಣ್ಣದಿದ್ದರೆ ಸಾಕು ಎಂದು ರೇಣುವೇ ಮೀಟಿಂಗಿನಲ್ಲಿ ಹೇಳಿದ್ದಳು.

ಅವ್ವಣ್ಣ ಫೋನು ಕಣ್ಣಿಗೆ ಹತ್ತಿರ ಹಿಡಿದ. “ಹೆಸರು ಬದಲಿ ಮಾಡ್ಲೇನ್ರಿ, ಮ್ಯಾಡಮ್?”

“ಇರಲಿ ಬಿಡ್ರಿ,” ಎಂದಳು ರೇಣು. “ಅದು ಅವರ ಕೆಲಸ.”