ನಾನು ಮಾಡಿದ ಆರೋಗ್ಯಕರ ಪತ್ರೊಡೆ

ಮೂತ್ರಕೋಶದ ಕ್ಯಾನ್ಸರನ್ನೇ ಗೆದ್ದು ಬಂದವನಿಗೆ ಕೆಸುವಿನೆಲೆಯ ಒಂದು ಪತ್ರೊಡೆ ಯಾವ ಲೆಕ್ಕ? ಈ ಧೈರ್ಯದಿಂದಲೇ ನಾನು ಮೊನ್ನೆ ಅಡುಗೆಮನೆ ಪ್ರವೇಶಿಸಿದೆ.

ಮಂಗಳೂರಿನ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನಮ್ಮಂಥ ಗುಣವಾದವರಿಗೆ ಪ್ರತಿ ಶನಿವಾರ ಆಹಾರದ ಕ್ಲಾಸು ಉಂಟು. ಲವೀನಾ ಮೇಡಂ ಪಾಠ ಮಾಡುತ್ತಾರೆ: ತರಕಾರಿ ಜಾಸ್ತಿ, ಉಪ್ಪು ಕಡಿಮೆ, ಎಣ್ಣೆ ಕಡಿಮೆ, ನೀರು ಧಾರಾಳ. ನಾವು ಎಲ್ಲದಕ್ಕೂ ತಲೆಯಾಡಿಸುತ್ತೇವೆ. ನೀರು ಮಾತ್ರ ಯಾರೂ ಕುಡಿಯುವುದಿಲ್ಲ. ಕುಡಿದರೆ ಓಡಬೇಕಲ್ಲ! ಮೇಡಂ ಪುನರ್ಪುಳಿ ಎಂಬ ಹುಳಿಹಣ್ಣಿನ ನೀರನ್ನು ಸಕ್ಕರೆ ಹಾಕದೆ ದೊಡ್ಡ ಪಾತ್ರೆಯಲ್ಲಿ ತರುತ್ತಾರೆ, ತುಂಬಿದ ಪಾತ್ರೆಯನ್ನೇ ವಾಪಸು ಒಯ್ಯುತ್ತಾರೆ.

ಆದರೂ ಆ ಕ್ಲಾಸೆಂದರೆ ನನಗೆ ಪ್ರಾಣ. ಮೂತ್ರದ ವಿಷಯವನ್ನು ಮದುವೆ ಹಾಲ್‌ನಲ್ಲಿ ಕೂತು ಮಾತಾಡಲಿಕ್ಕಾಗುತ್ತದೆಯೇ? ಅಲ್ಲಿ ಆಗುತ್ತದೆ. ನಾನು ಮತ್ತು ನಿವೃತ್ತ ಮೇಷ್ಟ್ರು ಪಿಂಟೋ ಅದನ್ನು ಕ್ರಿಕೆಟ್ಟಿನಷ್ಟು ಗಂಭೀರವಾಗಿ ಚರ್ಚಿಸುತ್ತೇವೆ. ಅಂಥ ಕ್ಲಾಸು ನಿಲ್ಲುತ್ತದಂತೆ ಎಂಬ ಸುದ್ದಿ ಬಂತು! ಮುಂದಿನ ಶನಿವಾರ ದೊಡ್ಡ ಡಾಕ್ಟರು ಬಂದು ನೋಡುತ್ತಾರಂತೆ, ಪ್ರಯೋಜನ ಕಾಣದಿದ್ದರೆ ಬಂದ್ ಅಂತೆ.

ನಾನು ಎದ್ದು ನಿಂತೆ. "ಹೆದರ್ಬೇಡಿ ಮೇಡಂ. ನಾನೊಂದು ಆರೋಗ್ಯಕರ ಪತ್ರೊಡೆ ಮಾಡಿ ತರ್ತೇನೆ. ಅದನ್ನು ತಿಂದ ಮೇಲೆ ಬಂದ್ ಮಾಡುವ ಮಾತೇ ಇಲ್ಲ!"

ಮನೆಯಲ್ಲಿ ಹೆಂಡತಿ ವಿಮಲಾ ಹಣೆ ಚಚ್ಚಿಕೊಂಡಳು. "ಒಂದು ಚಾ ಮಾಡಿ ಗೊತ್ತಿಲ್ಲ ನಿಮಗೆ. ಪತ್ರೊಡೆ ಎಂತ ಆಟವಾ ಮಾರಾಯ್ರೇ?"

"ಬೈಕಂಪಾಡಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವ ನಾನು. ನೀನು ಹೊರಗೆ ಕೂತ್ಕೋ," ಎಂದೆ.

ಕೂತಳು. ಕೂತಲ್ಲಿಂದಲೇ ಕೂಗಿದಳು: "ಹುಳಿ ಸರಿ ಹಾಕಿ, ಆಯ್ತಾ?"

ಉಪ್ಪು ಕಡಿಮೆ, ಎಣ್ಣೆ ಕಡಿಮೆ ಎಂದ ಮೇಲೆ ಹುಳಿಗೆ ಮಾತ್ರ ಯಾಕೆ ರಿಯಾಯಿತಿ? ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಹುಣಸೆಹುಳಿಯನ್ನೂ ಸಂಪೂರ್ಣ ಕಡಿತಗೊಳಿಸಲಾಯಿತು! ಎಲೆಯನ್ನೂ ಪೇಟೆಯಿಂದ ತರಲಿಲ್ಲ. ಕಾಂಪೌಂಡಿನ ಹಿಂದೆ ತಾನಾಗಿ ಬೆಳೆದ ಕೆಸು ಇತ್ತಲ್ಲ, ಶುದ್ಧ ಸಾವಯವ! ಅಕ್ಕಿ ರುಬ್ಬಿ, ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದೆ. ನೋಡಲು ಬಹಳ ಚಂದ ಇತ್ತು. ರುಚಿ ನೋಡಲಿಲ್ಲ. ಕಣ್ಣಿನಿಂದಲೇ ಪರೀಕ್ಷಿಸಿ ಪಾಸು ಮಾಡಿದೆ.

ಶನಿವಾರ ಎಲ್ಲರ ಮನೆಯವರೂ ಬಂದು ಕೂತಿದ್ದರು. ದೊಡ್ಡ ಡಾಕ್ಟರು ಬಂದರು, ಫೋನ್ ಬಂತೆಂದು ಹೊರಗೆ ಹೋದರು. ಅಷ್ಟರಲ್ಲಿ ನಾವು ಕ್ಲಾಸಿನವರು ತಿನ್ನಲು ಶುರುಮಾಡಿದೆವು.

"ಫಸ್ಟ್ ಕ್ಲಾಸ್ ಶೆಟ್ರೇ!" ಎಂದ ಪಿಂಟೋ ಮೇಷ್ಟ್ರು ಮರುಕ್ಷಣ ಕುತ್ತಿಗೆ ಹಿಡಿದುಕೊಂಡರು. "ಇದಕ್ಕೆ ಎಂತ ಹಾಕಿದ್ದೀರಿ ಮಾರಾಯ್ರೇ?"

"ಏನೂ ಹಾಕ್ಲಿಲ್ಲ. ಅದೇ ಸ್ಪೆಷಲ್!" ಎಂದೆ. ಎನ್ನುವಾಗಲೇ ನನ್ನ ಗಂಟಲೊಳಗೂ ಯಾರೋ ತೆಂಗಿನ ನಾರು ಹಾಕಿ ಉಜ್ಜಿದಂತಾಯಿತು. ಇಡೀ ಕ್ಲಾಸು ಕೆಮ್ಮುತ್ತಾ, ಕೆರೆಯುತ್ತಾ ಎದ್ದು ನಿಂತಿತು!

"ಅಯ್ಯೋ ದೇವ್ರೇ! ಹುಳಿ ಹಾಕದಿದ್ರೆ ಕೆಸು ತುರಿಸದೆ ಬಿಡ್ತದಾ?" ವಿಮಲಾ ಓಡಿ ಬಂದಳು. "ಆ ಪುನರ್ಪುಳಿ ಕುಡೀರಿ, ತುರಿಕೆ ಇಳೀತದೆ!"

ಎಲ್ಲರೂ ಪಾತ್ರೆಗೆ ಮುತ್ತಿಗೆ ಹಾಕಿದೆವು. ಲವೀನಾ ಮೇಡಂ ಸುರಿಯುತ್ತಲೇ ಇದ್ದರು, ನಾವು ಕುಡಿಯುತ್ತಲೇ ಇದ್ದೆವು. ಪಾತ್ರೆಯ ತಳ ಕಾಣತೊಡಗಿದಾಗ ದೊಡ್ಡ ಡಾಕ್ಟರು ಒಳಗೆ ಬಂದರು.

"ಇವರು ನೀರೇ ಕುಡಿಯುವುದಿಲ್ಲ ಅಂತ ಹೇಳಿದ್ರಲ್ಲ ಮೇಡಂ?" ಎನ್ನುತ್ತಾ ತಟ್ಟೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡೇ ಬಿಟ್ಟರು. ತಡೆಯಲು ಬಾಯಿ ತೆರೆದೆ, ಬಂದದ್ದು ಕೆಮ್ಮು ಮಾತ್ರ.

ಉಳಿದ ಪುನರ್ಪುಳಿಯನ್ನೆಲ್ಲ ಅವರೇ ಮುಗಿಸಿದರು! ಬಾಟಲಿಯ ನೀರನ್ನೂ ಕುಡಿದರು. ಲವೀನಾ ಮೇಡಂ ಅಳುಮೋರೆ ಮಾಡಿಕೊಂಡು ನಡೆದದ್ದನ್ನೆಲ್ಲ ಒಪ್ಪಿಸಿದರು. ಡಾಕ್ಟರು ಕಣ್ಣೊರೆಸಿಕೊಂಡು ನಗತೊಡಗಿದರು. "ಇವತ್ತಾದ್ರೂ ಎಲ್ಲರೂ ಕುಡಿದ್ರಲ್ಲ! ನಾನೂ ದಿನಾ ಇಷ್ಟು ಕುಡಿಯುವವನಲ್ಲ. ಕ್ಲಾಸ್ ನಡೀಲಿ ಮೇಡಂ. ನಾನೂ ಬರ್ತೇನೆ."

ಪಿಂಟೋ ಮೇಷ್ಟ್ರು ನನ್ನನ್ನು ಅಪ್ಪಿಕೊಂಡರು. ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ನಮ್ಮ ಶನಿವಾರ ಉಳಿಯಿತು!

ಸ್ವಲ್ಪ ಹೊತ್ತಿನಲ್ಲಿ ಮೈಕಿನಲ್ಲಿ ಲವೀನಾ ಮೇಡಂ ಘೋಷಿಸಿದರು: "ನಮ್ಮ ಕ್ಲಾಸನ್ನು ಉಳಿಸಿದ ಶೆಟ್ರಿಗೆ ತರಕಾರಿ ಬುಟ್ಟಿ ಕೊಟ್ಟು ಸನ್ಮಾನ. ದಯವಿಟ್ಟು ಮುಂದೆ ಬರಬೇಕು!" ಮನೆಯವರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು. ಚಪ್ಪಾಳೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಹೋಗುವುದು ಹೇಗೆ? ಇದ್ದದ್ದು ಒಂದೇ ಟಾಯ್ಲೆಟ್. ಬಾಗಿಲಲ್ಲಿ ದೊಡ್ಡ ಡಾಕ್ಟರು, ಅವರ ಹಿಂದೆ ಪಿಂಟೋ ಮೇಷ್ಟ್ರು, ಅವರ ಹಿಂದೆ ಇಡೀ ಕ್ಲಾಸು, ಕಟ್ಟಕಡೆಗೆ ಕಾಲು ಹೆಣೆದುಕೊಂಡ ಸನ್ಮಾನಿತ!