ಒರಗಿದ ನೇರಳೆ, ಒಣಗಿದ ನೇರಳೆ

ಸ್ವಂತ ಜಾಗದಲ್ಲಿ ಬೆಳೆದ ಮರದ ನೆರಳು ಮಾಲೀಕನದು, ಮರ ಸರ್ಕಾರದ್ದು. ಇದು ಕಾನೂನು. ಆ ಮರ ಯಾರ ಮೇಲಾದರೂ ಬಿದ್ದರೆ, ಬಿದ್ದ ಕ್ಷಣದಿಂದ ಅದು ಮಾಲೀಕನದಾಗುತ್ತದೆ. ಇದೂ ಕಾನೂನು.

ದರ್ಜಿಗೆ ಇವೆರಡರ ಬಗ್ಗೆಯೂ ತಕರಾರಿರಲಿಲ್ಲ. ಅವನ ಹಿತ್ತಲಿನ ನೇರಳೆ ಮರ ಮನೆಯ ಕಡೆಗೆ ಒರಗುತ್ತಿತ್ತು, ಅಷ್ಟೆ. ಪ್ರತಿ ತಿಂಗಳ ಒಂದನೇ ತಾರೀಕು ಅವನು ಏಣಿ ಹತ್ತಿ, ಸೂರಿನ ಮಟ್ಟದಲ್ಲಿ ಕಾಂಡಕ್ಕೂ ಹಿಂದಿನ ಕೋಣೆಯ ಗೋಡೆಗೂ ನಡುವೆ ಎಷ್ಟು ಜಾಗವಿದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದ. ಮರ ಕಡಿಯಲು ಅನುಮತಿ ಕೋರಿ ಅರ್ಜಿ ಕೊಟ್ಟ ದಿನ ಹದಿನಾಲ್ಕು ಇಂಚು ಇತ್ತು.

ಆ ಕೋಣೆಯಲ್ಲಿ ಮಲಗುತ್ತಿದ್ದವರು ಅವನ ಹೆಂಡತಿಯ ತಾಯಿ. ಸೊಂಟ ಮುರಿದ ಮೇಲೆ ಅತ್ತೆ ಮಂಚ ಬಿಟ್ಟು ಇಳಿದಿರಲಿಲ್ಲ. ಬಾಯಿಗೆ ಏನೂ ಆಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು ಮತ್ತು ಗಿರಾಕಿಗಳು ತುಂಬಿದ್ದರಿಂದ ಅಲ್ಲಿ ಮಂಚಕ್ಕೆ ಜಾಗವಿರಲಿಲ್ಲ.

"ನಮ್ಮಮ್ಮ ಮಲಗೋ ಕೋಣೆ ಅಂತ ತಾನೇ ನಿಮಗೆ ಈ ನಿಧಾನ?" ಎಂದಳು ಹೆಂಡತಿ. "ನಿಮ್ಮಮ್ಮ ಮಲಗಿದ್ದಿದ್ರೆ ಇಷ್ಟೊತ್ತಿಗೆ ಮರ ಸೌದೆ ಆಗಿರ್ತಿತ್ತು."

"ಅರ್ಜಿ ಕೊಟ್ಟು ಬಂದೆನಲ್ಲೇ."

ಒಳಗಿನಿಂದ ಅತ್ತೆಯ ದನಿ ಬಂತು: "ಅಳಿಯಂದಿರೇ, ಮರ ಬೀಳೋದಕ್ಕೂ ಅನುಮತಿ ಬೇಕಾ ಅಂತ ಒಂದು ಮಾತು ವಿಚಾರಿಸಿ. ಬೇಕು ಅಂದ್ರೆ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡ್ತೀನಿ."

ನಾಲ್ಕು ತಿಂಗಳ ನಂತರ, ಒಂಬತ್ತು ಇಂಚು ಉಳಿದಿದ್ದಾಗ, ಮರ ವಿಭಾಗದ ತನಿಖಾಧಿಕಾರಿ ಬಂದರು. ಹಣ್ಣಿನ ಕಾಲ. ಕಡತ ಬಿಚ್ಚುವ ಮೊದಲು ಹತ್ತಾರು ನೇರಳೆ ತಿಂದರು. ಇನ್ನೊಂದು ಚೀಲದಷ್ಟನ್ನು 'ಪರೀಕ್ಷೆಗಾಗಿ ಮಾದರಿ' ಎಂದು ಬರೆದು ತುಂಬಿಕೊಂಡರು. ಆಮೇಲೆ ತಲೆಯೆತ್ತಿ ಮರ ನೋಡಿದರು.

"ಇದು ಒಣಗಿಲ್ಲವಲ್ರೀ."

"ಒಣಗಿದೆ ಅಂತ ನಾನೆಲ್ಲಿ ಬರೆದೆ ಸಾರ್? ಒರಗಿದೆ ಅಂತ ಬರೆದಿದ್ದೆ."

"ಅರ್ಜಿಯಲ್ಲಿ ಹಾಗೇ ಇದೆ. ಕಡತದಲ್ಲಿ ಒಣಗಿದೆ. ನಾನು ನೋಡೋದು ಕಡತ."

"ಮರಾನೂ ಸ್ವಲ್ಪ ನೋಡಿ ಸಾರ್."

"ನೋಡಿದೆ. ಚೆನ್ನಾಗಿದೆ. ಹಣ್ಣೂ ಚೆನ್ನಾಗಿದೆ." ಅವರ ನಾಲಗೆ ಕಡು ನೇರಳೆಯಾಗಿತ್ತು. 'ಸದರಿ ಮರವು ಕಡತಕ್ಕೆ ಅನುಗುಣವಾಗಿ ನಡೆದುಕೊಂಡಿರುವುದಿಲ್ಲ' ಎಂದು ವರದಿ ಬರೆದು ಹೋದರು.

ಮುಂದಿನ ತಿಂಗಳು ದರ್ಜಿ ಕಚೇರಿಗೆ ಹೋದ. ಗುಮಾಸ್ತರು ತಪ್ಪನ್ನು ಅಲ್ಲಗಳೆಯಲಿಲ್ಲ, ಏಕೆಂದರೆ ಅದು ತಪ್ಪೇ ಆಗಿರಲಿಲ್ಲ.

"ನಮ್ಮ ನಮೂನೆಯಲ್ಲಿ ಮರ ಮೂರೇ ಥರ. ಒಣಗಿದ್ದು, ರೋಗ ಬಂದಿದ್ದು, ಸಿಡಿಲು ಬಡಿದಿದ್ದು. ಒರಗಿದ್ದು ಅನ್ನೋದು ಇಲ್ವೇ ಇಲ್ಲ. ಒಂದಕ್ಷರ ತಾನೇ ವ್ಯತ್ಯಾಸ, ಪಾಪ ನಿಮಗೆ ಉಪಕಾರ ಆಗಲಿ ಅಂತ ಹತ್ತಿರದ್ದು ಹಾಕಿದೆ."

"ಈಗ ತಿದ್ದಿಕೊಡಿ ಸಾರ್."

"ಕಡತ ತಿದ್ದೋ ಅಧಿಕಾರ ಯಾರಿಗೂ ಇಲ್ಲ. ಮರ ಬೇಕಾದ್ರೆ ತಿದ್ದಿಕೊಳ್ಳಲಿ."

"ಅಂದ್ರೆ ನಾನು ಒಣಗಿಸ್ಬೇಕಾ?"

"ನೀವು ಒಣಗಿಸಿದ್ರೆ ಅಪರಾಧ. ನಿಯಮ ಹದಿನೇಳು. ಅದು ತಾನಾಗಿ, ಸ್ವಂತ ಇಚ್ಛೆಯಿಂದ ಒಣಗಬೇಕು."

ದರ್ಜಿ ಲೆಕ್ಕ ಹಾಕಿದ. ನೇರಳೆ ತಾನಾಗಿ ಒಣಗಲು ಕಡಿಮೆಯೆಂದರೂ ಅರವತ್ತು ವರ್ಷ ಬೇಕು. ಉಳಿದಿದ್ದು ಏಳು ಮುಕ್ಕಾಲು ಇಂಚು. ತಿಂಗಳಿಗೆ ಒಂದೂಕಾಲರಂತೆ ಒರಗಿದರೆ ಗೋಡೆ ಮುಟ್ಟಲು ಅದಕ್ಕೆ ಆರು ತಿಂಗಳು ಸಾಕು. ಅವನು ಮೇಲಧಿಕಾರಿಗೆ ಮನವಿ ಕೊಟ್ಟ.

ಮೇಲಧಿಕಾರಿಗಳು ಕರುಣಾಳು. ನಾಲ್ಕು ತಿಂಗಳಲ್ಲಿ ಮೂರು ಸಭೆ ಕರೆದು, ಕೊನೆಯದರಲ್ಲಿ ಹೀಗೆ ನಿರ್ಣಯಿಸಿದರು:

'ಕಡತವು ಸುಳ್ಳು ಹೇಳಲು ಅವಕಾಶವಿಲ್ಲದ ಕಾರಣ, ಸದರಿ ನೇರಳೆಯು ಇಂದಿನಿಂದ ಒಣಗಿದೆ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಕೊಂಬೆಗಳ ಮೇಲೆ ಕಂಡುಬರುವ ಹಸಿರು ಎಲೆಗಳನ್ನು ಪರಿಗಣಿಸತಕ್ಕದ್ದಲ್ಲ. ಒಣಗಿದ ನೇರಳೆಯನ್ನು ಕಡಿಯಲು ಅನುಮತಿ ನೀಡಿದೆ.'

ಎರಡು ಮುಕ್ಕಾಲು ಇಂಚು ಉಳಿದಿತ್ತು. ದರ್ಜಿ ಅದೇ ದಿನ ಮರ ಕಡಿಯುವವನನ್ನು ಕರೆತಂದ. ಅವನು ಕೊಡಲಿಯನ್ನು ಗೋಡೆಗೆ ಒರಗಿಸಿಟ್ಟು, ಅನುಮತಿ ಪತ್ರವನ್ನು ಎರಡು ಸಲ ಓದಿದ.

"ಅಣ್ಣಾ, ಇದರಲ್ಲಿ ಒಣ ಮರ ಅಂತಿದೆ. ಇದು ಹಸಿ. ಹಸಿ ಮರಕ್ಕೆ ಕೊಡಲಿ ಹಾಕಿದ್ರೆ ಮೊದಲು ಕೊಡಲಿ ಜಪ್ತಿ, ಆಮೇಲೆ ನಾನು."

"ಒಣಗಿದೆ ಅಂತ ತೀರ್ಮಾನ ಆಗಿದೆಯಪ್ಪ."

"ಅದು ಮರಕ್ಕೆ ಗೊತ್ತಾಗಿಲ್ಲವಲ್ಲ. ಒಣ ನೇರಳೆ ಎಲ್ಲಿದೆ ತೋರಿಸಿ, ಈಗಲೇ ಕಡೀತೀನಿ."

ಆ ವಾರ ಅತ್ತೆ ತಲೆದಿಂಬನ್ನು ಮಂಚದ ಇನ್ನೊಂದು ತುದಿಗೆ ಹಾಕಿಸಿಕೊಂಡರು. "ಬಿದ್ದರೆ ಕಾಲಿನ ಮೇಲೆ ಬೀಳಲಿ. ಅದು ಹೇಗೂ ಕೆಲಸಕ್ಕೆ ಬಾರದ್ದು," ಎಂದರು. ಅದಕ್ಕೆ ಯಾರೂ ನಗಲಿಲ್ಲ. ಮರುದಿನ ಬಾಗಿಲು ತೆರೆಯುವ ಮೊದಲೇ ದರ್ಜಿ ಕಚೇರಿಯ ಮುಂದೆ ನಿಂತಿದ್ದ.

"ಅನುಮತಿ ಕೊಟ್ಟಾಯಿತಲ್ಲ," ಎಂದರು ಮೇಲಧಿಕಾರಿ. "ಕಡತ ಮುಗಿದಿದೆ."

"ಮರ ಮುಗಿದಿಲ್ಲ ಸಾರ್. ಗೋಡೆಗೂ ಅದಕ್ಕೂ ಎರಡೇ ಇಂಚು."

ಅವರು ಯೋಚಿಸಿದರು. "ಗೋಡೆ ಒಣಗಿದೆಯೇ?"

"ಗೋಡೆ ಒಣಗೇ ಇರುತ್ತೆ ಸಾರ್."

"ರೋಗ? ಸಿಡಿಲು?"

"ಇಲ್ಲ. ನೆಟ್ಟಗಿದೆ."

"ಹಾಗಾದರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಗೋಡೆ ಬೀಳಿಸೋಕೆ ಇಲ್ಲಿ ಯಾಕೆ ನಿಂತಿದ್ದೀರಿ? ಪಕ್ಕದ ಕೋಣೆಗೆ ಹೋಗಿ."

ಪಕ್ಕದ ಕೋಣೆ ಕಟ್ಟಡ ವಿಭಾಗದ್ದು. ಅರ್ಧ ಪುಟದ ನಮೂನೆ. ಕೋಣೆಯೊಳಗೆ ಯಾರು ಮಲಗುತ್ತಾರೆ ಎಂದು ಯಾರೂ ಕೇಳಲಿಲ್ಲ. ಹನ್ನೊಂದು ನಿಮಿಷದಲ್ಲಿ ಮುದ್ರೆ ಬಿತ್ತು. ಅದರಲ್ಲಿ ಆರು ನಿಮಿಷ ಮುದ್ರೆಯನ್ನು ಹುಡುಕುವುದಕ್ಕೇ ಹೋಗಿತ್ತು.

ಭಾನುವಾರ ಹಿಂದಿನ ಕೋಣೆಯನ್ನು ಕೆಡವಿದರು. ಛಾವಣಿ ಬಿಚ್ಚಿದಾಗ ಒಳಗಿನ ತೊಲೆಗಳು ಕಂಡವು. ಅವು ನೇರಳೆಯವು, ಮಾವ ಮನೆ ಕಟ್ಟಿಸಿದ ಕಾಲದಿಂದ ಒಣಗಿದ್ದವು. ಮರ ಕಡಿಯುವವನಿಗೆ ಹೇಳಿಕಳಿಸಿದಾಗ ಅವನು ಬಂದು, ಉಗುರಿನಿಂದ ಗೀರಿ ನೋಡಿ, ಅನುಮತಿ ಪತ್ರವನ್ನು ಮತ್ತೊಮ್ಮೆ ಓದಿದ.

"ಇದು ಸರಿ ಅಣ್ಣಾ," ಎಂದು ಅಷ್ಟನ್ನೂ ಕಡಿದು ಹಾಕಿದ.

ತನಿಖಾಧಿಕಾರಿ ಬಂದು ಸೌದೆಯ ರಾಶಿ ನೋಡಿದರು. 'ಒಣಗಿದ ನೇರಳೆಯನ್ನು ಅನುಮತಿಯಂತೆ ತೆರವುಗೊಳಿಸಲಾಗಿದೆ. ಸದರಿ ಜಾಗದಲ್ಲಿ ಈಗ ಯಾವುದೇ ಮರವಿರುವುದಿಲ್ಲ' ಎಂದು ಬರೆದರು. ಬಿಸಿಲು ಜೋರಾಗಿದ್ದರಿಂದ ಮರದ ನೆರಳಿಗೆ ಬಂದು ಸಹಿ ಹಾಕಿದರು.

ಅತ್ತೆಯ ಮಂಚ ಮುಂದಿನ ಕೋಣೆಗೆ ಬಂತು. ಬೀದಿ ಕಾಣುತ್ತದೆ ಎಂದು ಅವರಿಗೆ ಸಂತೋಷವಾಯಿತು. ಗಿರಾಕಿಗಳ ಅಳತೆ ಬರೆಯುವಾಗ ತಾವೂ ಒಂದೊಂದು ಮಾತು ಸೇರಿಸತೊಡಗಿದರು. ಮಂಚಕ್ಕೆ ಜಾಗ ಮಾಡಲು ಹೊಲಿಗೆ ಯಂತ್ರ ಹಿತ್ತಲಿಗೆ ಹೋಯಿತು. ದರ್ಜಿ ಈಗ ಇಲ್ಲದ ಮರದ ಕೆಳಗೆ ಕೂತು ಹೊಲಿಯುತ್ತಾನೆ. ಅದು ತನ್ನ ಪಾಡಿಗೆ ಒರಗುತ್ತಿದೆ. ಅಳೆಯಲು ಎದುರಿಗೆ ಗೋಡೆಯಿಲ್ಲವಾದ್ದರಿಂದ ಅವನು ಅಳೆಯುವುದನ್ನು ಬಿಟ್ಟಿದ್ದಾನೆ.

ಹೆಂಡತಿಗೆ ಮಾತ್ರ ಒಂದು ಬೇಸರ ಉಳಿದಿತ್ತು.

"ಹನ್ನೊಂದು ನಿಮಿಷದ ಕೆಲಸಕ್ಕೆ ಹತ್ತು ತಿಂಗಳು ಅಲೆದ್ರಲ್ಲ," ಎಂದಳು. "ಮನೆ ಕೆಡವಬಹುದು ಅಂತ ನಿಮಗೆ ಮೊದಲೇ ಹೊಳೀಬಾರದಿತ್ತಾ?"

ದರ್ಜಿ ಪೆಡಲು ತುಳಿಯುವುದನ್ನು ನಿಲ್ಲಿಸಿ ಯೋಚಿಸಿದ. ಅವಳು ಹೇಳಿದ್ದು ಸರಿಯೆನಿಸಿತು.

"ತಪ್ಪಾಯ್ತು ಕಣೇ," ಎಂದ.